ಬೆನ್ನ ಹಿಂದಿನ ಹಡಗು

ಹಲೋ… ಹಲೋ, ಯಾರು ಮಾತಾಡ್ತಿರೋದು? … ಯಾರು? ಗಾಳಿ ಜೋರಾಗಿದೆ, ಏನೂ ಕೇಳಿಸ್ತಿಲ್ಲ. ನೋಡಿ, ನಮ್ಮ ಕಾರಿನ ವಾರಂಟಿ ಮಾರೋಕೆ ಫೋನ್ ಮಾಡಿದ್ರೆ ಈಗಲೇ ಹೇಳ್ಬಿಡ್ತೀನಿ, ಅದು ಮುಗಿದು ಎಷ್ಟೋ ಕಾಲ ಆಯ್ತು. ಕಾರೂ ಹೆಚ್ಚುಕಮ್ಮಿ ಮುಗಿದ ಹಾಗೇನೇ. ನಮ್ಮನ್ನ ನಮ್ಮ ಪಾಡಿಗೆ ಬಿಟ್ಬಿಡಿ…

…ಯಾರ ಹೆಂಡತಿ? … ನನ್ನ ಹೆಂಡತಿನಾ? ಸಿಗ್ನಿ, ನೀನಾ? ಇದು ಯಾರ ನಂಬರು ಮಾರಾಯ್ತಿ? … ನಿಮ್ಮ ಹಡಗಲ್ಲಿ ಅಡುಗೆ ಮಾಡೋ ಡ್ವೇನ್‌ದಾ? ಅವನ ಫೋನ್ ಯಾಕೆ, ನಿಂದೇನಾಯ್ತು?

…ಹಾಂ… ಹಾಂ… ನೀರಿಗೇ ಬಿತ್ತಾ? ಅಂದ್ರೆ ಹೋದ ವಾರದಿಂದ ನಿನ್ನ ಹತ್ರ ಫೋನೇ ಇಲ್ಲ? ನಾನು ದಿನಾ ಕಳಿಸಿದ ಫೋಟೊ ಒಂದನ್ನೂ ನೀನು ನೋಡಿಲ್ಲ? … ಒಂದೂ? … ಅಲ್ಲ ಕಣೇ, ಫೋನು ಹೋದ್ರೆ ಹೋಗ್ಲಿ, ಅದಕ್ಕಲ್ಲ. ನೀನು ಉತ್ತರ ಬರೀಲಿಲ್ಲ ಅಂತ ನಾನು ಏನೇನೋ ಅಂದ್ಕೊಂಡಿದ್ದೆ. ಮೊದಲು ಸಿಗ್ನಲ್ ಇಲ್ಲ ಅಂದ್ಕೊಂಡೆ. ಆಮೇಲೆ, ಮಂಗಳವಾರದ ಫೋಟೊದಲ್ಲಿ ಬೆಳಕು ಸರಿ ಬಂದಿಲ್ಲ, ಅದಕ್ಕೇ ಮುನಿಸ್ಕೊಂಡಿದಾಳೆ ಅಂದ್ಕೊಂಡೆ. … ನಗ್ಬೇಡ. ನಾನು ಈಗ ಆ ಸ್ಥಿತಿಗೆ ಬಂದಿದೀನಿ.

…ಎಲ್ಲಿದೀರಿ ಈಗ? … ದೀಪಸ್ತಂಭ ಕಾಣ್ತಿದೆಯಾ? ಹಾಗಾದ್ರೆ ಇನ್ನೇನು ಬಂದೇಬಿಟ್ರಿ. ನಾವು ಆಗಲೇ ಬಂದು ನಿಂತಿದೀವಿ, ಕಾಲುವೆ ಕಟ್ಟೆ ಮೇಲೆ, ಸೇತುವೆ ಪಕ್ಕದಲ್ಲೇ. … ಟಿಲ್ಡಾ ಇಲ್ಲೇ ಇದಾಳೆ. ಪಕ್ಕದ್ಮನೆ ಲೋರೇನ್ ಬಂದಿದಾರೆ, ಈ ಚಳೀಲಿ ನಮ್ಮ ಜೊತೆ ಇನ್ಯಾರು ಬರ್ತಾರೆ. ಅವರಿಬ್ರೂ ಆ ತುದೀಲಿ ಹಕ್ಕಿಗಳಿಗೆ ಆಲೂಗಡ್ಡೆ ಫ್ರೈ ಹಾಕ್ತಿದಾರೆ. ಹಕ್ಕಿಗೊಂದು, ಟಿಲ್ಡಾಗೊಂದು. ಕರೀಲಾ? … ಆಮೇಲಾ? ಸರಿ.

…ಈ ಸಲಾನೂ ಇಳಿಯೋಕೆ ಬಿಡಲ್ವಾ? … ಅದಿರು ತುಂಬಿಸ್ಕೊಂಡು ಹಾಗೇ ವಾಪಸ್ಸು. … ಹೂಂ, ಗೊತ್ತಿತ್ತು. ಅವಳಿಗೂ ಹೇಳಿದೀನಿ, ಅಮ್ಮ ಇಳಿಯಲ್ಲ, ಸೇತುವೆ ಕೆಳಗೆ ಹಾದು ಹೋಗ್ತಾಳೆ, ನೋಡೋದಿದ್ರೆ ಆಗಲೇ ನೋಡ್ಬೇಕು ಅಂತ. ನಾಲ್ಕು ವರ್ಷದವಳಿಗೆ ಇದೆಲ್ಲ ಎಷ್ಟು ಅರ್ಥ ಆಗುತ್ತೋ. … ಮನೆಗೆ ಬರೋದು ಸರೋವರ ಹೆಪ್ಪುಗಟ್ಟಿದ ಮೇಲೇನೇ, ಅಲ್ವಾ? … ಹೂಂ. ಜನವರಿ.

…ಸರಿ, ಹೇಳ್ತೀನಿ, ಅದಕ್ಕೇನು. ಕಣ್ಣಿಗೆ ಕಾಣಿಸದಿದ್ರೆ ಕಿವಿಗೆ ಹೇಳ್ತೀನಿ. ಭಾನುವಾರದ್ದು ಕೇಳು, ಟಿಲ್ಡಾ ಪ್ಯಾನ್‌ಕೇಕ್ ತಿಂತಿದಾಳೆ. ಅಂದ್ರೆ ತಿನ್ನೋಕೆ ಬಾಯಿ ತೆಗೆದಿದಾಳೆ. ಕಿಟಕಿ ಬೆಳಕು ಕೆನ್ನೆ ಮೇಲೆ ಬಿದ್ದಿದೆ, ಏನ್ ಚಂದ ಗೊತ್ತಾ… ತಿಂದ್ಲಾ ಅಂದ್ರೆ? … ತಿಂದ್ಲು, ಆಮೇಲೆ ತಿಂದ್ಲು. ಸ್ವಲ್ಪ ತಣ್ಣಗಾಗಿತ್ತು. ಮೊದಲನೇದರಲ್ಲಿ ಕಣ್ಣು ಮುಚ್ಚಿದ್ಲು, ಎರಡನೇದರಲ್ಲಿ ನನ್ನ ಹೆಬ್ಬೆರಳು ಬಂತು, ಆಮೇಲೆ ಮೋಡ ಬಂತು, ಮೋಡ ಹೋಗ್ಲಿ ಅಂತ ಕಾದ್ವಿ. ಕೊನೆಗೆ, "ಅಪ್ಪಾ, ಈಗ ನಿಜವಾಗ್ಲೂ ತಿನ್ಲಾ?" ಅಂತ ಕೇಳಿದ್ಲು. … ನಗು, ನಗು. ನಿನ್ನ ನಗು ಕೇಳಿ ಎಷ್ಟು ದಿನ ಆಯ್ತು.

…ಸೋಮವಾರ ಎಲೆ ರಾಶಿ ಮೇಲೆ ಹಾರಿದ್ದು. ಎಲೆ ನಮ್ಮದಲ್ಲ, ಲೋರೇನ್ ಅಂಗಳದ್ದು. ನಮ್ಮ ಅಂಗಳ ಗುಡಿಸೋಕೆ ಪುರುಸೊತ್ತೆಲ್ಲಿ, ಫೋಟೊ ತೆಗೆಯೋದಿರುತ್ತಲ್ಲ. ಹಲ್ಲೆಲ್ಲ ಕಾಣೋ ಹಾಗೆ ನಗ್ತಿದಾಳೆ. … ಯಾಕೆ ನಗ್ತಿದ್ಲು ಅಂದ್ರೆ? … ಯಾಕಂದ್ರೆ… ನಾನು ನಗು ಅಂದೆ. … ಅಲ್ಲ, ಎಲೆ ಮೇಲೆ ಹಾರೋದು ಅವಳಿಗೆ ಇಷ್ಟಾನೇ. ಆದ್ರೆ ಫೋಟೊ ಸರಿ ಬರೋ ಹೊತ್ತಿಗೆ ಹಾರಿ ಹಾರಿ ಸಾಕಾಗಿತ್ತು ಪಾಪ. ಇನ್ನೊಂದು ಸಲ ಹಾರು ಅಂದ್ರೆ, "ನೀನೇ ಹಾರು" ಅಂದ್ಲು.

…ಮನೆನಾ? ಚೆನ್ನಾಗಿದೆ. … ಫೋಟೊದಲ್ಲಿ ಚೊಕ್ಕಟ ಕಾಣ್ಸುತ್ತಾ? ಹಾಂ, ಅದು… ಕಿಟಕಿ ಪಕ್ಕದ ಮೂಲೆ ಇದೆಯಲ್ಲ, ಅದೊಂದು ಚೊಕ್ಕಟ ಇದೆ. … ಉಳಿದಿದ್ದು ಕೇಳ್ಬೇಡ. ಒಗೆದ ಬಟ್ಟೆ ಯಾವುದು, ಒಗೆಯೋ ಬಟ್ಟೆ ಯಾವುದು ಅಂತ ಮೂಸಿ ನೋಡಿ ಹೇಳ್ಬೇಕು. ಮೊನ್ನೆ ಲೋರೇನ್ ಆ ಆಲೂಗಡ್ಡೆ ಮಾಂಸದ ಹಾಟ್‌ಡಿಶ್ ಮಾಡ್ಕೊಂಡು ತಂದ್ರು, ಸುಡ್ತಿರೋ ಪಾತ್ರೆ, ಎಲ್ಲಿಡ್ಲಿ ಅಂತ ಮನೆಯೆಲ್ಲ ಸುತ್ತಿ ಕೊನೆಗೆ ಆ ಮೂಲೇಲೇ ಇಟ್ರು. "ಕರ್ಟ್, ನಿಮ್ಮ ಮನೇಲಿ ಮನುಷ್ಯರು ಇರೋ ಹಾಗಿರೋದು ಇದೊಂದೇ ಜಾಗ" ಅಂದ್ರು. ನಾನು ನಾಚ್ಕೋಬೇಕಿತ್ತು. ನನ್ನ ಚಿಂತೆ ಏನಿತ್ತು ಗೊತ್ತಾ, ಈ ಪಾತ್ರೆ ಫೋಟೊಗೆ ಅಡ್ಡ ಬರುತ್ತಲ್ಲ ಅಂತ.

…ಬುಧವಾರ ನಾನು ಬಿದ್ದೆ. … ಇಲ್ಲ ಇಲ್ಲ, ಸೊಂಟಕ್ಕೆ ಸ್ವಲ್ಪ. ಮೇಲಿಂದ ತೆಗೆಯೋಣ ಅಂತ ಕುರ್ಚಿ ಮೇಲೆ ಸ್ಟೂಲು ಇಟ್ಟು ಹತ್ತಿದ್ದೆ. … ಹೌದು, ಕುರ್ಚಿ ಮೇಲೆ ಸ್ಟೂಲು. ಶಾಲೆ ಬಸ್ಸಲ್ಲಿ ಮಕ್ಕಳು ಸೀಟಿಂದ ಏಳೋ ಮುಂಚೆನೇ ಬೈಯೋ ಡ್ರೈವರು ನಾನೇ. ನೆಲದ ಮೇಲೆ ಅಂಗಾತ ಬಿದ್ದಿದೀನಿ, ನಿನ್ನ ಮಗಳು ಬಂದು ನಿಂತು ನೋಡಿದ್ಲು. ಅಳ್ಲಿಲ್ಲ, ಏನಾಯ್ತು ಅನ್ಲಿಲ್ಲ. "ಅಪ್ಪ ಬಿದ್ದಿದ್ದನ್ನ ಯಾರು ಫೋಟೊ ತೆಗೀತಾರೆ?" ಅಂದ್ಲು. … ಅವಳು ಬಿದ್ರೂ ಹಾಗೇನೇ ಈಗ. ಮೊದಲು ನನ್ನ ಕೈ ನೋಡ್ತಾಳೆ. ಫೋನಿದ್ರೆ ನಗ್ತಾಳೆ, ಇಲ್ದಿದ್ರೆ ಅಳ್ತಾಳೆ.

…ಹ್ಯಾಲೋವೀನ್ ಹಬ್ಬಕ್ಕೆ ಕುಂಬಳಕಾಯಿ ವೇಷ. ಬಾಗಿಲ ದೀಪದ ಕೆಳಗೆ ಕೆಂಪಗೆ, ದುಂಡಗೆ, ಅದು ನಿಜವಾಗ್ಲೂ… … ಅವಳೇ ಕೇಳಿದ್ದಾ? … ಇಲ್ಲ. ಅವಳು ಕೇಳಿದ್ದು ಬೇರೆ. … ನಿನ್ನ ವೇಷ. ಹೆಲ್ಮೆಟ್ಟು, ದೊಡ್ಡ ಕೋಟು, ಹೆಗಲಿಗೆ ಹಗ್ಗ. … ಹೆಲ್ಮೆಟ್ ಹಾಕಿದ್ರೆ ಮುಖದ ಮೇಲೆ ನೆರಳು ಬೀಳುತ್ತೆ ಕಣೇ, ಅದಕ್ಕೆ ನಾನು… ಹಾಂ. ಇವತ್ತು ಮಾತ್ರ ಹಠ ಮಾಡಿ ಆ ಆಟದ ಹೆಲ್ಮೆಟ್ ಹಾಕ್ಕೊಂಡೇ ಬಂದಿದಾಳೆ.

…ಹೌದು, ನೀನು ಕೇಳಿದ್ದು ಇಷ್ಟೇ, ನೆನಪಿದೆ. ದಿನಾ ಒಂದು ಫೋಟೊ ಕಳ್ಸು, ಮೂಗು ಸುರಿಸ್ಕೊಂಡು ಕೂತಿದ್ರೂ ಪರವಾಗಿಲ್ಲ, ಅವಳ ದಿನ ನನಗೂ ಒಂಚೂರು ಸಿಗ್ಲಿ ಅಂದಿದ್ದೆ ನೀನು. ಮೊದಮೊದಲು ಹಾಗೇ ಕಳಿಸ್ತಿದ್ದೆನಲ್ಲ. ಒಂದೇ ಕಾಲಿಗೆ ಶೂ ಹಾಕ್ಕೊಂಡು ಮೆಟ್ಟಿಲ ಮೇಲೆ ನಿದ್ದೆ ಹೋಗಿದ್ದು… ಹಾಂ, ಅದೇ. ಅದು ಇನ್ನೂ ನೆನಪಿದೆಯಾ ನಿನಗೆ? … ಆಮೇಲೆ ನನಗೆ ಹುಚ್ಚು ಹತ್ತಿತು. ನೆಟ್ಟಲ್ಲಿ ಹಾಕಿದ್ದಕ್ಕೆ ಜನ ಚೆನ್ನಾಗಿದೆ ಅಂದ್ರಲ್ಲ, ಅಲ್ಲಿಂದ ಶುರು. ನನ್ನ ಜೀವಮಾನದಲ್ಲಿ ಯಾರು ನನಗೆ ಹಾಗಂದಿದ್ರು? ಬಸ್ಸು ನಿಲ್ಲಿಸಿದ್ರೆ, ಆಹಾ ಎಷ್ಟು ಚೆನ್ನಾಗಿ ನಿಲ್ಸಿದೆ ಅಂತ ಯಾರಾದ್ರೂ ಹೇಳ್ತಾರಾ?

…ಏನೇ ಹೇಳು, ಒಂದನ್ನ ಮಾತ್ರ ನೀನೂ ಒಪ್ಕೋಬೇಕು. ಹೋದ ತಿಂಗಳದ್ದು. ನಿಮ್ಮ ಹಡಗು ಈ ಕಾಲುವೇಲಿ ಬಂದಾಗ ತೆಗೆದಿದ್ದು. ಮುಂದೆ ಟಿಲ್ಡಾ, ನೀಲಿ ಕೋಟು, ಬೆನ್ನ ಹಿಂದೆ ಇಡೀ ಹಡಗು, ತಲೆ ಮೇಲೆ ಸೇತುವೆ. ನೆಟ್ಟಲ್ಲಿ ನಮ್ಮೂರಿನವರ ಪುಟದಲ್ಲಿ ಹಾಕಿದ್ರು, ಡುಲೂತ್ ಊರಿನ ಅರ್ಧ ಜನ ನೋಡಿದಾರೆ. ಪೆಟ್ರೋಲ್ ಬಂಕಿನ ಹುಡುಗಿ ನನ್ನ ಗುರುತು ಹಿಡಿದು ಮಾತಾಡಿಸಿದ್ಲು. ನೀನು ಮಾತ್ರ ಆ ಬಗ್ಗೆ ಏನೂ ಅನ್ಲಿಲ್ಲ. … ಡ್ವೇನ್ ಏನ್ ಮಾಡಿದ? … ಮುದ್ರಿಸಿ? ನಿಮ್ಮ ಊಟದ ಕೋಣೇಲಾ? … ಕಾಫಿ ಇಡೋ ಜಾಗದ ಮೇಲೇ? ಅಂದ್ರೆ ದಿನಾ ಎಲ್ಲರೂ ನೋಡೋ ಜಾಗ. ನೋಡಿದ್ಯಾ, ನಾನು ಹೇಳ್ಲಿಲ್ವಾ? ಡ್ವೇನ್‌ಗೆ ಹೇಳು, ದೊಡ್ಡದು ಬೇಕಿದ್ರೆ ಕಳಿಸ್ತೀನಿ, ಅದರಲ್ಲಿ ಬಣ್ಣ ಇನ್ನೂ…

…ಹಲೋ? … ಸಿಗ್ನಿ? ಇದೀಯಾ?

…ಏನು? ಇನ್ನೊಂದು ಸಲ ಹೇಳು, ಗಾಳಿ. … ಬೆನ್ನು ಹಾಕಿ ಕೂತು ಊಟ ಮಾಡ್ತೀಯಾ? ಯಾವುದಕ್ಕೆ? … ಆ ಫೋಟೊಗಾ? … ಯಾಕೆ? ನೀನೂ ಇದೀಯಲ್ಲ ಅದರಲ್ಲಿ. ಚಿಕ್ಕದಾಗಿ, ಮೇಲೆ ಹಡಗಿನ ಕಂಬಿ ಹತ್ರ. ಕೈ ಎತ್ತಿದೀಯ, ಕೈಯಲ್ಲಿ ಏನೋ ಹಳದಿ ಬಟ್ಟೆ. ನಾನು ಯಾವುದೋ ಒರೆಸೋ ಬಟ್ಟೆ ಅಂದ್ಕೊಂಡೆ. ನಿಜ ಹೇಳ್ಬೇಕಂದ್ರೆ ಅಳಿಸಿಹಾಕೋಣ ಅಂತಿದ್ದೆ, ಆಮೇಲೆ ಇರ್ಲಿ ಬಿಡು, ಒಂದು ಹಳದಿ ಚುಕ್ಕೆ ಇದ್ರೆ ಚೆನ್ನಾಗೇ ಇರುತ್ತೆ ಅಂತ…

…ಒರೆಸೋ ಬಟ್ಟೆ ಅಲ್ವಾ?

…ಬಾತುಕೋಳಿ ಚಿತ್ರದ ಹೊದಿಕೆನಾ. … ಟಿಲ್ಡಾದ್ದು? ತೊಟ್ಟಿಲಲ್ಲಿದ್ದಾಗ ಹೊದಿಸ್ತಿದ್ದಿದ್ದು? … ಅದು ನಿನ್ನ ಹತ್ರ ಇದೆಯಾ? ನಾವಿಲ್ಲಿ ಮಂಚದ ಕೆಳಗೆಲ್ಲ ಹುಡುಕಿ… ಹಾಂ. … ಹಾಂ. ಹಡಗಲ್ಲಿ ಎಲ್ಲರೂ ಒಂದೇ ಥರ ಹೆಲ್ಮೆಟ್ ಹಾಕಿರ್ತಾರೆ, ದೂರದಿಂದ ಅವಳಿಗೆ ನಿನ್ನ ಗುರುತು ಸಿಗ್ಲಿ ಅಂತ.

…ಕಾಲುವೆ ಉದ್ದಕ್ಕೂ ಬೀಸಿದ್ಯಾ? … ಹಡಗು ಮುಂದೆ ಹೋದ ಹಾಗೆ ನೀನು ಡೆಕ್ ಮೇಲೆ ಹಿಂದಕ್ಕೆ ಓಡ್ಕೊಂಡು ಬಂದ್ಯಾ? … ಈಗ ತಿರುಗ್ತಾಳೆ, ಈಗ ತಿರುಗ್ತಾಳೆ ಅಂತ.

…ಇಲ್ಲ. ನಾನು ತಿರುಗು ಅನ್ಲಿಲ್ಲ. ನಾನು, ನನ್ನ ಕಡೆ ನೋಡು ಅಂತಿದ್ದೆ. ಇಲ್ಲಿ ನೋಡು, ಗಲ್ಲ ಎತ್ತು, ನಗು, ಇನ್ನೊಂದು, ಇನ್ನೊಂದೇ ಒಂದು. ಹಡಗು ಪೂರ್ತಿ ಹೋಗೋ ತನಕ ಇನ್ನೊಂದೇ ಒಂದು.

…ನನಗೆ ಹೊಳೀಲೇ ಇಲ್ಲ ಕಣೇ. ನೀನು ಕೈ ಬೀಸ್ತಿರೋದು ಕಾಣ್ತಿತ್ತು, ಫೋಟೊದಲ್ಲಿ ಚೆನ್ನಾಗಿ ಬರುತ್ತೆ ಅಂತಾನೂ ಗೊತ್ತಿತ್ತು. ಯಾರಿಗೆ ಬೀಸ್ತಿದೀಯ ಅನ್ನೋದೇ ತಲೆಗೆ ಹೋಗ್ಲಿಲ್ಲ. ಇಂಥ ಮಂಕು ಇನ್ನೆಲ್ಲಾದ್ರೂ ಸಿಗ್ತಾನಾ? ಅಮ್ಮನ್ನ ತೋರಿಸ್ತೀನಿ ಅಂತ ಮಗೂನ ಕರ್ಕೊಂಡು ಬಂದು, ಅಮ್ಮ ಬಂದಾಗ ಮಗೂನ ತಿರುಗಿಸಿ ನಿಲ್ಸಿದವನು. ಅದನ್ನ ಊರಿಗೆಲ್ಲ ಹಂಚಿ, ಶಭಾಶ್ ಅನ್ನಿಸ್ಕೊಂಡವನು. … ಬೈದುಬಿಡು ನನ್ನ.

…ಏನಂದ್ಲು ಅಂದ್ರೆ? ಟಿಲ್ಡಾನಾ? ಅವತ್ತಾ? … ಖುಷಿಯಾಗೇ ಇದ್ಲು. ಐಸ್‌ಕ್ರೀಮ್ ಕೊಡಿಸ್ದೆ. … ಇಲ್ಲ, ನಿನ್ನ ಬಗ್ಗೆ… ಬೇಡ ಬಿಡು ಸಿಗ್ನಿ. … ಬೇಡ. … ಸರಿ. ಕಾರಲ್ಲಿ ಕೂರಿಸಿ ಬೆಲ್ಟ್ ಹಾಕ್ತಿದ್ದೆ. ಆಗ ಕೇಳಿದ್ಲು, "ಅಪ್ಪಾ, ಅಮ್ಮನ ಹಡಗು ಯಾವಾಗ ಬರುತ್ತೆ?" ಅಂತ. … ಹಾಂ. ಹೋದ ಮೇಲೆ. … ನಾನು ತಮಾಷೆ ಮಾಡ್ತಿದಾಳೆ ಅಂದ್ಕೊಂಡು ನಕ್ಕೆ. ಬಂದಿತ್ತಲ್ಲ ಪುಟ್ಟಿ, ನೋಡು ಅಂತ ಆ ಫೋಟೊ ತೋರಿಸ್ದೆ. ಅವಳು ಅದರಲ್ಲಿ ತನ್ನನ್ನೇ ನೋಡ್ಕೊಂಡ್ಲು.

…ಅಳ್ತಿದೀಯಾ? … ಗಾಳಿಗಾ? … ಹೂಂ, ನನಗೂ ಗಾಳಿಗೇನೇ.

…ಇವತ್ತಾ? … ಇವತ್ತು… ಹೌದು, ಫೋನು ನಿಲ್ಸೋಕೆ ಮೂರು ಕಾಲಿನ ಸ್ಟ್ಯಾಂಡು ತಂದಿದೀನಿ. ನಿಲ್ಸಾಗಿದೆ. ಬೇರೆಯವರು ಜಾಗ ಹಿಡೀತಾರೆ ಅಂತ ಎಲ್ಲರಿಗಿಂತ ಮುಂಚೆ ಬಂದ್ವಿ. ಇನ್ನೂ ಒಂದಿದೆ, ಕೇಳ್ಬಿಡು. ಟಿಲ್ಡಾ ಎಲ್ಲಿ ನಿಲ್ಬೇಕು ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೀನಿ. ಎರಡು ಪುಟ್ಟ ಪಾದ ಬರೆದಿದೀನಿ. … ಬೆರಳು ಯಾವ ಕಡೆಗಿದೆ ಅಂತ ಮಾತ್ರ ಕೇಳ್ಬೇಡ.

…ಬೇಡ್ವಾ? … ಒಂದೂ? … ಒಂದೇ ಒಂದು, ಅವಳು ನಿನ್ನ ಕಡೆ ತಿರುಗಿದ ಮೇಲೆ, ಪಕ್ಕದಿಂದ, ಗೊತ್ತಾಗದ ಹಾಗೆ… ಇಲ್ಲ. ಸರಿ. … ಅಲ್ಲ, ಹಾಗಾದ್ರೆ ಇವತ್ತಿನ ಫೋಟೊ? ನೀನು ಹೋದಾಗಿಂದ ಒಂದು ದಿನಾನೂ ತಪ್ಪಿಸಿಲ್ಲ ಕಣೇ ನಾನು. ನನಗೆ ಜ್ವರ ಬಂದಾಗಲೂ ಮಲಗಿದಲ್ಲಿಂದಲೇ ತೆಗೆದಿದೀನಿ. … ತಪ್ಪಿದ್ರೆ ತಪ್ಪಲಿ ಅಂತೀಯಾ. … ನಿನಗೋಸ್ಕರ ಶುರುಮಾಡಿದ್ದು, ನೀನೇ ಬೇಡ ಅಂದ ಮೇಲೆ ಇನ್ಯಾರಿಗೆ. ಸರಿ.

…ಲೋರೇನ್ ಅವರೇ, ಇಲ್ಲಿ ಬನ್ನಿ ಸ್ವಲ್ಪ. ಆ ಸ್ಟ್ಯಾಂಡು ಮಡಿಸ್ತೀರಾ? … ಹೌದು, ಮಡಿಸಿ. … ಇಲ್ಲ, ತೆಗೆಯಲ್ಲ ಇವತ್ತು. … ಹುಷಾರಾಗೇ ಇದೀನಿ. … ಸಿಗ್ನಿ, ಲೋರೇನ್ ನನ್ನ ಹಣೆ ಮುಟ್ಟಿ ನೋಡ್ತಿದಾರೆ.

…ಗಂಟೆ ಹೊಡೀತಿದೆ, ಕೇಳಿಸ್ತಾ? ನಿಮಗೆ ದಾರಿ ಬಿಡೋಕೆ ಸೇತುವೆ ಮೇಲಕ್ಕೇಳ್ತಿದೆ. ಕಾರುಗಳೆಲ್ಲ ನಿಂತ್ವು. … ಕಾಣ್ತಿದೀರಿ, ಕಾಣ್ತಿದೀರಿ. ಅಬ್ಬಾ, ಎಷ್ಟು ದೊಡ್ಡದು ಕಣೇ ಇದು. ಹೋದ ಸಲ ನಾನು ಫೋನಲ್ಲೇ ನೋಡಿದ್ದಲ್ಲ, ಅಂಗೈಯಷ್ಟಿತ್ತು. … ಡ್ವೇನ್ ಫೋನ್ ಕೇಳ್ತಿದಾನಾ? … ಹಡಗು ಕಟ್ಟೋ ಹಗ್ಗದ ಕೆಲಸ ನಿನಗಿರೋದು ಸೇತುವೆ ದಾಟಿದ ಮೇಲೆ ತಾನೇ? ಒಂದು ನಿಮಿಷ ಅಂತ ಹೇಳು ಅವನಿಗೆ, ಒಂದೇ ನಿಮಿಷ. ನಮ್ಮ ಕಡೆನೇ ನಿಂತಿದೀಯಾ? … ಹಾಂ. ಹೊದಿಕೆ ಇದೆಯಾ ಕೈಯಲ್ಲಿ? … ಸರಿ.

…ಟಿಲ್ಡಾ, ಬಾ ಕಂದ, ಅಮ್ಮ ಬಂದ್ಲು. ಬೇಗ ಬಾ.

…ಕೇಳಿಸ್ತು, ನಿಮ್ಮ ಹಡಗು ಕೂಗಿದ್ದು ಎದೆಯೊಳಗೇ ಕೇಳಿಸ್ತು. ಸೇತುವೆ ಸೈರನ್ನೂ ಉತ್ತರಕ್ಕೆ ಕೂಗ್ತು. ಜನ ಎಲ್ಲ ಕೈ ಬೀಸ್ತಿದಾರೆ ನೋಡು. ಟಿಲ್ಡಾ ಓಡಿ ಬರ್ತಿದಾಳೆ, ಬಂದ್ಲು…

…ಅಯ್ಯೋ. … ಏನಿಲ್ಲ, ಇರು. … ಬಂದವಳೇ ಸೀಮೆಸುಣ್ಣದ ಪಾದದ ಮೇಲೆ ನಿಂತ್ಕೊಂಡ್ಲು ಕಣೇ. ನಿನಗೆ ಬೆನ್ನು ಹಾಕಿ, ನನ್ನ ಕಡೆ ಮುಖ ಮಾಡಿ. ನಾನೇನೂ ಹೇಳೇ ಇಲ್ಲ, ಫೋನು ಕಿವೀಲಿದೆ. ಆದ್ರೂ ಗಲ್ಲ ಎತ್ಕೊಂಡು ನಗ್ತಾ ನಿಂತಿದಾಳೆ. ಕಣ್ಣೂ ಮಿಟುಕಿಸ್ತಿಲ್ಲ. ನನಗೆ ನೋಡೋಕಾಗ್ತಿಲ್ಲ ಸಿಗ್ನಿ.

…ಪುಟ್ಟಿ, ಇವತ್ತು ಫೋಟೊ ಇಲ್ಲ. … ಇಲ್ಲ ಕಂದ, ನಗೋದು ಬೇಡ. ನನ್ನನ್ನ ನೋಡ್ಬೇಡ. … ನೀನು ಸರಿಯಾಗೇ ನಿಂತಿದೀಯ, ಅಪ್ಪ ಪಾದ ಬರೆದಿದ್ದೇ ತಪ್ಪು. ಆ ಕಡೆ ತಿರುಗು. … ಮೇಲೆ ನೋಡು, ಇನ್ನೂ ಮೇಲೆ, ಕಂಬಿ ಹತ್ರ. ಹಳದಿ. ನಿನ್ನ ಬಾತುಕೋಳಿ ಕಳೆದುಹೋಗಿತ್ತಲ್ಲ, ಎಲ್ಲಿದೆ ಹುಡುಕು…

…ಬೀಸು ಸಿಗ್ನಿ, ಇನ್ನೂ ಎತ್ತಿ ಬೀಸು…

…ತಿರುಗಿದ್ಲು. … ಹಾಂ, ತಿರುಗಿದ್ಲು ಕಣೇ. ಎರಡೂ ಕೈ ಎತ್ತಿದಾಳೆ. ಅಮ್ಮಾ ಅಂತಿದಾಳೆ, ಕೇಳಿಸ್ತಾ ಅಲ್ಲಿಗೆ? … ನನಗೆ ಮುಖ ಕಾಣ್ತಿಲ್ಲ. ಬರೀ ಬೆನ್ನು, ಹೆಲ್ಮೆಟ್ಟು, ಕೆಳಗೆ ಜಡೆ. ಜಡೆ ಸೊಟ್ಟಗಿದೆ, ನಾನೇ ಹಾಕಿದ್ದು. … ನಗ್ತಿದಾಳಾ, ಅಳ್ತಿದಾಳಾ, ನನಗೊಂದೂ ಗೊತ್ತಾಗ್ತಿಲ್ಲ. ನಿನಗೆ ಕಾಣ್ತಿದೆಯಲ್ಲ? ಈಗ ನೀನು ಹೇಳು, ಹೇಗಿದಾಳೆ? … ಸಿಗ್ನಿ? … ಹಲೋ, ಮುಖ ಹೇಗಿದೆ ಅವಳ…